ಚಿನ್ನದ ಲೇಪದ ಗುಮಾನಿ ಹೊತ್ತು ಅಯುತ್ತಯಾಕ್ಕೆ

ಬ್ರಹ್ಮಾವರ

ಪರದೇಶಕ್ಕೆ ಹೊರಟವರು ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ ತುಂಬಿಸುತ್ತಾರೆ. ನಾನು ತುಂಬಿಸಿದ್ದು ಕೆಟ್ಟುಹೋದ ಮೂರು ಅಲಾರಂಗಳನ್ನು.

ಬ್ರಹ್ಮಾವರದ ಹೆದ್ದಾರಿ ಬದಿಯಲ್ಲಿ, ಒಂದು ಮಹಡಿಯ ಮೇಲೆ ನನ್ನ ಸಣ್ಣ ವರ್ಕ್‌ಶಾಪ್ ಇದೆ. ಮದುವೆಗೆ ಮುಂಚೆ ಮುಂಬಯಿಯ ಟಿ.ವಿ. ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುತ್ತಿದ್ದೆ. ಅದೇ ಕೈಕೆಲಸ ಊರಿಗೆ ಬಂದ ಮೇಲೂ ಅನ್ನ ಕೊಟ್ಟಿತು. ನಾನು, ಲಲಿತಾ ಮತ್ತು ಇನ್ನಿಬ್ಬರು ಹೆಂಗಸರು ಸೇರಿ ಮೀನುಗಾರಿಕೆ ಬೋಟುಗಳಿಗೆ ಒಂದು ಅಲಾರಂ ಮಾಡುತ್ತೇವೆ. ಇಂಜಿನ್ ಕೋಣೆಯ ತಳದಲ್ಲಿ ನೀರು ಏರಿದರೆ ಅದು ಬಡಿದುಕೊಳ್ಳಬೇಕು. ಅದರ ಒಳಗಿನ ಹಸಿರು ಸರ್ಕ್ಯೂಟ್ ಬೋರ್ಡು ಮಾತ್ರ ನಮ್ಮದಲ್ಲ. ಅದು ಥಾಯ್ಲೆಂಡಿನ ಅಯುತ್ತಯಾ ಎಂಬ ಊರಿನ ಹತ್ತಿರದ ಕಾರ್ಖಾನೆಯಿಂದ ಬರುತ್ತದೆ. ಅದರ ಮೇಲೆ ಬಿಡಿಭಾಗ ಕೂರಿಸಿ ಬೆಸುಗೆ ಹಾಕುವುದು ನಮ್ಮ ಕೆಲಸ.

ಬೋರ್ಡಿನ ಮೇಲೆ ಬಿಡಿಭಾಗದ ಕಾಲು ಕೂರುವ ಜಾಗ ತಾಮ್ರದ್ದು. ಬರೀ ತಾಮ್ರ ಬಿಟ್ಟರೆ ನಮ್ಮ ಕಡಲಿನ ಉಪ್ಪುಗಾಳಿಗೆ ವಾರದೊಳಗೆ ಕಂದುತ್ತದೆ. ಆಮೇಲೆ ಬೆಸುಗೆ ಹಿಡಿಯುವುದಿಲ್ಲ. ಅದಕ್ಕೆ ತಾಮ್ರದ ಮೇಲೆ ನಿಕ್ಕಲ್, ನಿಕ್ಕಲ್ ಮೇಲೆ ಚಿನ್ನದ ತೆಳು ಲೇಪ ಹಾಕಿಸುತ್ತೇವೆ. ಚಿನ್ನ ಎಂದಾಕ್ಷಣ ಕಳ್ಳತನವೂ ನೆನಪಾಗುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಚಿನ್ನದಲ್ಲಿ ಅರ್ಧ ಉಳಿಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ?

ಉಪ್ಪುಂದದ ನಾಣಣ್ಣನ ಟ್ರಾಲ್ ಬೋಟು ಕಾಪಿನ ನೇರಕ್ಕೆ ಹೊರಗಡಲಲ್ಲಿದ್ದಾಗ ಇಂಜಿನ್ ಕೋಣೆಗೆ ನೀರು ನುಗ್ಗಿತು. ನಮ್ಮ ಅಲಾರಂ ತುಟಿ ಬಿಚ್ಚಲಿಲ್ಲ. ಇಂಜಿನ್ ನಿಂತ ಮೇಲೆಯೇ ಅವರಿಗೆ ಗೊತ್ತಾದದ್ದು. ಕೆಳಗಿಳಿದ ಇಂಜಿನ್ ಕೆಲಸದ ಮಂಜ ಎಣ್ಣೆ ನೀರಿನಲ್ಲಿ ಜಾರಿ ಕಾಲು ಮುರಿದುಕೊಂಡ. ಪಕ್ಕದಲ್ಲಿದ್ದ ಇನ್ನೊಂದು ಬೋಟಿನವರು ಹಗ್ಗ ಎಸೆದು ಎಳೆದು ತರದಿದ್ದರೆ ಏಳು ಜನರ ಕಥೆ ಬೇರೆಯಾಗುತ್ತಿತ್ತು.

ಆ ಅಲಾರಂ ಬಿಚ್ಚಿದೆ. ಒಂದು ಐಸಿ ಚಿಪ್ಪಿನ ಕಾಲು ಬೋರ್ಡಿನಿಂದ ಎದ್ದು ನಿಂತಿತ್ತು. ಬೆಸುಗೆ ಹರಿದಿರಲಿಲ್ಲ, ಅಂಟು ಬಿಟ್ಟ ಅಂಚೆಚೀಟಿಯ ಹಾಗೆ ಪೂರ್ತಿ ಕಳಚಿತ್ತು. ಅದರ ಅಡಿ ಬೂದುಗಪ್ಪು. ಅದೇ ಸಲ ತರಿಸಿದ ಬೋರ್ಡಿದ್ದ ಇನ್ನೆರಡು ಅಲಾರಂ ತರಿಸಿ ನೋಡಿದೆ. ಉಗುರಲ್ಲಿ ಎತ್ತಿದರೆ ಕಾಲು ಬಂತು. ಚಿನ್ನ ಕದ್ದಿದ್ದಾರೆ ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಕಾರ್ಖಾನೆಗೇ ಹೋಗಿ ಕೇಳುವುದೆಂದು ಟಿಕೇಟು ಮಾಡಿಸಿದೆ.

ನಾಣಣ್ಣ ವರ್ಕ್‌ಶಾಪಿಗೆ ಬಂದರು. ಅರವತ್ತು ದಾಟಿದವರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಹ್ವಾಯ್ ಶಾರ್ದಕ್ಕ, ನೀವ್ ಆ ಊರಿಗ್ ಹೋಪುದ್ ಯಾವಾಗ್ಳ್?"

"ಬಪ್ಪು ವಾರ, ನಾಣಣ್ಣ."

"ನಾನೂ ಬತ್ತೆ."

"ನೀವ್ ಎಂತಕೆ? ಅದ್ ಫ್ಯಾಕ್ಟರಿ ಕೆಲ್ಸ."

"ನೀವ್ ಒಬ್ರೇ ಹೋಯಿ, ಅವ್ರ್ ಹತ್ರ ಕೂಕಂಡ್ ಚಾ ಕುಡ್ದ್, ಇಬ್ರೂ ಸೇರಿ ಒಂದ್ ಕಥೆ ಕಟ್ಕಂಡ್ ಬಂದ್ರೆ ನಂಗ್ ಎಂತ ಗೊತ್ತಾತ್ತ್?"

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹಿಂದೆ ಒಮಾನಿನಲ್ಲಿ ಬೋಟು ಓಡಿಸಿದ್ದರಿಂದ ಅವರ ಹತ್ತಿರ ಪಾಸ್‌ಪೋರ್ಟ್ ಇತ್ತು. ಹೀಗೆ ಕಾರ್ಖಾನೆಯನ್ನು ನಂಬದ ನಾನು, ನನ್ನನ್ನು ನಂಬದ ನಾಣಣ್ಣ, ಇಬ್ಬರೂ ಜೊತೆಯಾಗಿ ಹೊರಟೆವು.

ವಿಮಾನ ನಿಲ್ದಾಣ

ತಗಡಿನ ಡಬ್ಬಿ, ಅದರಿಂದ ಹೊರಟ ಕೆಂಪು ಕಪ್ಪು ತಂತಿ, ಒಂದು ಸೈರನ್. ಬ್ಯಾಟರಿ ತೆಗೆದಿದ್ದೆ. ಆದರೂ ಬ್ಯಾಗಿನ ಚಿತ್ರ ಕಂಡ ತಪಾಸಣೆಯವನು ಕುರ್ಚಿಯಿಂದ ಎದ್ದ. ನಮ್ಮನ್ನು ಪಕ್ಕಕ್ಕೆ ಕರೆದರು. ಮೂರು ಜನ ಸುತ್ತ ನಿಂತರು.

ಇದೇನು ಎಂದು ಕೇಳಿದರೆ ನನಗೆ "ಅಲಾರಂ" ಎನ್ನುವುದಷ್ಟೇ ಬಂತು. ನಾಣಣ್ಣ ತಮ್ಮ ಮುಂಬಯಿ ಹಿಂದಿಯಲ್ಲಿ, "ಹೆದರಬೇಡಿ ಸಾಹೇಬ್ರೆ, ಇದು ಬಡಿದುಕೊಳ್ಳುವುದೇ ಇಲ್ಲ. ಅದಕ್ಕೇ ನಾವು ಹೋಗ್ತಿರೋದು" ಎಂದರು. ಒಬ್ಬ ಅಧಿಕಾರಿ ನಕ್ಕ. ಇನ್ನೊಬ್ಬ ನಗದೆ ಮೂರೂ ಡಬ್ಬಿ ಬಿಚ್ಚಿಸಿದ. ನಾನು ಸ್ಕ್ರೂ ಮರಳಿ ಹಾಕುವ ಮುಂಚೆಯೇ ನಮ್ಮ ವಿಮಾನಕ್ಕೆ ಕೊನೆಯ ಕರೆ. ಡಬ್ಬಿಗಳನ್ನು ಹಾಗೆಯೇ ಬ್ಯಾಗಿಗೆ ತುಂಬಿದೆ. ಸೀರೆ ಎತ್ತಿ ಕಟ್ಟಿಕೊಂಡು ಓಡಿದೆ. ಅನುಮಾನಿಸುವುದು ಅಭ್ಯಾಸವಿದ್ದ ನನಗೆ, ಅನುಮಾನಕ್ಕೆ ಗುರಿಯಾಗುವುದು ಹೀಗಿರುತ್ತದೆ ಎಂದು ಮೊದಲ ಸಲ ಗೊತ್ತಾಯಿತು.

ಮೊದಲ ದಿನ, ಕಾರ್ಖಾನೆಯ ಗೇಟು

ಆ ದೇಶದಲ್ಲಿ ಎಲ್ಲರೂ ನಗುತ್ತಾರೆ. ಪಾಸ್‌ಪೋರ್ಟ್ ಮುದ್ರೆ ಒತ್ತಿದವಳು, ಕಾರಿನ ಚಾಲಕ, ಹೋಟೆಲಿನ ನೆಲ ಒರೆಸುವವಳು, ಎಲ್ಲರೂ ಕೈ ಮುಗಿದು ನಗುತ್ತಾರೆ. ನಮ್ಮ ಕುಂದಾಪುರದ ಅಂಗಡಿಯವರು ಹಾಗಲ್ಲ. ಮೊದಲು ಗಂಟು ಮುಖ, ಗಿರಾಕಿ ಹೊರಡುವಾಗ ಮಾತು. ಅದು ನನಗೆ ಸರಿ ಕಾಣುತ್ತದೆ. ಮೊದಲೇ ನಕ್ಕರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ನನ್ನ ಲೆಕ್ಕ.

ಕಾರ್ಖಾನೆಯ ಮ್ಯಾನೇಜರ್ ಗೇಟಿನವರೆಗೆ ಬಂದು ಎಲ್ಲರಿಗಿಂತ ಹೆಚ್ಚು ನಕ್ಕ. ಸಿಹಿಯ ಪೊಟ್ಟಣ ಕೊಟ್ಟ. ನಾನು ಬೇಡ ಎಂದೆ. ನಾಣಣ್ಣ ತೆಗೆದುಕೊಂಡರು. ಗೇಟಿನ ಒಳಗೆ ಕಂಬದ ಮೇಲೆ ಗೊಂಬೆ ಮನೆಯಷ್ಟು ದೊಡ್ಡ ಗುಡಿ. ಅದರ ಮುಂದೆ ಕೆಂಪು ಸೋಡಾ ಬಾಟ್ಲಿ, ಅದಕ್ಕೆ ಕೊಳವೆ ಬೇರೆ ಹಾಕಿಟ್ಟಿದ್ದರು. ಜಾಗ ಕಾಯುವ ದೈವಕ್ಕಂತೆ.

ನಾಣಣ್ಣ ಚಪ್ಪಲಿ ಕಳಚಿ ಕೈಮುಗಿದರು. "ನಮ್ಮ ಬದಿಯಂಗೇ ಇತ್ತಲ್ದಾ! ದೈವ ಇಪ್ಪು ಜಾಗದಗ್ ಸುಳ್ ಹೇಳುಕೆ ಹೆದ್ರತ್ರ್ ಇವ್ರ್."

"ಸುಳ್ ಹೇಳಿ ಹೆದ್ರುವವ್ರೇ ದಿನಾ ಸೋಡಾ ಕೊಡುದ್" ಎಂದೆ ನಾನು.

ಅಂದು ನಮಗೆ ತೋರಿಸಿದ್ದು ಸ್ವಚ್ಛವಾದ ಹಜಾರ, ಬಿಳಿ ಟೋಪಿಯ ಹುಡುಗಿಯರು, ಗೋಡೆಯ ಪ್ರಮಾಣಪತ್ರ. ಬೋರ್ಡು ಅದ್ದುವ ಚಿನ್ನದ ತೊಟ್ಟಿ ಕಾಣಬೇಕು ಎಂದರೆ "ನಾಳೆ." ನನ್ನ ಬೋರ್ಡು ಪರೀಕ್ಷೆ ಮಾಡಿ ಎಂದರೆ "ಪ್ರಯೋಗಾಲಯ ನಾಳೆ ಮಧ್ಯಾಹ್ನ ಖಾಲಿ. ಈಗ ಹಳೇ ಬುದ್ಧನ ದೇವಸ್ಥಾನ ನೋಡಿ ಬನ್ನಿ." ಬೋರ್ಡುಗಳನ್ನು ಇಲ್ಲಿಯೇ ಬಿಟ್ಟು ಹೋದರೆ ಮುಂಚೆಯೇ ಕೆಲಸ ಶುರು ಮಾಡುತ್ತೇವೆ ಎಂದೂ ಹೇಳಿದ. ಬಿಟ್ಟು ಹೋಗಲು ನನಗೆ ತಲೆ ಕೆಟ್ಟಿರಲಿಲ್ಲ. ಆ ಮೂರು ಬೋರ್ಡಿನ ಅಂಚಿಗೆ, ಯಾರೂ ಬದಲಾಯಿಸಬಾರದೆಂದು, ಊರಲ್ಲೇ ಸೂಜಿಯಿಂದ ಗೀರು ಹಾಕಿದ್ದೆ. ಹೋಟೆಲಿನಲ್ಲಿ ಅವನ್ನು ದಿಂಬಿನ ಚೀಲದೊಳಗೆ ಇಟ್ಟೆ.

ಇಡುವಾಗ ನೋಡಿದರೆ ನನ್ನ ಗೀರಿನ ಪಕ್ಕ ಇನ್ನೊಂದು ಗುರುತು. ಬೀಗದ ಕೈಯ ಮೊನೆಯಲ್ಲಿ ಕೊರೆದಂಥ ಕತ್ತರಿ ಗೆರೆ. ಹೋಗಿ ನಾಣಣ್ಣನ ಬಾಗಿಲು ತಟ್ಟಿದೆ.

"ಅದಾ? ನಾನ್ ಹಾಕದ್ದ್" ಎಂದರು ಅವರು, ಸ್ವಲ್ಪವೂ ನಾಚದೆ. "ವಿಮಾನದಗೆ ನೀವ್ ಒರ್ಗದಾಗ್ಳ್. ನೀವ್ ಬೋರ್ಡ್ ಬದ್ಲ್ ಮಾಡ್ರೆ ಗೊತ್ತಾಯ್ಕಲೆ."

ಎರಡನೇ ದಿನ, ಮೀನಿನ ಮಾರ್ಕೆಟ್ಟು

ಮಧ್ಯಾಹ್ನದವರೆಗೆ ಕೆಲಸವಿಲ್ಲ. ನಾಣಣ್ಣ ಮೀನು ಮಾರ್ಕೆಟ್ಟಿಗೆ ಹೋಗಲೇಬೇಕೆಂದರು. ನದಿಯ ಬದಿಯಲ್ಲಿ ದೊಡ್ಡ ಚಪ್ಪರ. ಮಾರುವವರೆಲ್ಲ ಹೆಂಗಸರೇ, ನಮ್ಮ ಗಂಗೊಳ್ಳಿಯ ಹಾಗೆ. ಆದರೆ ಗಲಾಟೆ ಇಲ್ಲ. ಯಾರೂ ಗಿರಾಕಿಯನ್ನು ಬೈಯುವುದಿಲ್ಲ. ಚೌಕಾಸಿಯೂ ಪಿಸುಮಾತಿನಲ್ಲಿ. ನನಗೆ ಅದೂ ಅನುಮಾನವೇ.

ಒಂದು ಕಡೆ ಬಿದಿರಿನ ಸಣ್ಣ ಬುಟ್ಟಿಗಳಲ್ಲಿ ಬೇಯಿಸಿದ ಮೀನು ಇಟ್ಟಿದ್ದರು. ನಮ್ಮ ಬಂಗುಡೆಯದೇ ಜಾತಿ, ಸ್ವಲ್ಪ ಗಿಡ್ಡ. ಎಲ್ಲದರ ಕುತ್ತಿಗೆ ಮುರಿದು ತಲೆ ಕೆಳಗೆ ಬಾಗಿಸಿದ್ದರು. ನಾಣಣ್ಣ ನಿಂತೇಬಿಟ್ಟರು.

"ಬಂಗ್ಡೆ ಕುತ್ಗಿ ಎಂತಕೆ ಮುರ್ದಿದ್ರ್? ಕಿವಿ ಕಾಂಬುಕೆ ಆಗ್ದಂಗೆ ಮಾಡಿದ್ರ್ ಕಾಣಿ. ಹಳೇ ಮೀನ್ ಇದ್, ಬರ್ದ್ ಕೊಡ್ತೆ."

ಮೀನು ತಾಜಾವೇ ಎಂದು ಹೇಳುವುದು ಅದರ ಕಿವಿರು. ಅವರು ಒಂದು ಮೀನಿನ ತಲೆ ಎತ್ತಿ ಮೂಗಿಗೆ ಹಿಡಿದರು. ಮಾರುವ ಹೆಂಗಸು ಸಿಟ್ಟಾಗಲಿಲ್ಲ. ಇನ್ನೊಂದು ಖಾಲಿ ಬುಟ್ಟಿ ತೆಗೆದು, ಮುರಿಯದ ಮೀನೊಂದನ್ನು ಅದರಲ್ಲಿ ಇಟ್ಟು ತೋರಿಸಿದಳು. ಮೀನು ಉದ್ದವಾಯಿತು, ತಲೆ ಹೊರಗೆ ಉಳಿಯಿತು. ಕುತ್ತಿಗೆ ಮುರಿದಳು. ಬುಟ್ಟಿಯೊಳಗೆ ಸರಿಯಾಗಿ ಕೂತಿತು. ಅಷ್ಟೇ ಕಾರಣ.

ನಾಣಣ್ಣ ಮೀನನ್ನು ಇನ್ನೊಮ್ಮೆ ಮೂಸಿದರು. "ತಾಜಾ ಇತ್" ಎಂದು ಒಪ್ಪಿಕೊಂಡರು. ಎರಡು ಬುಟ್ಟಿ ಕೊಂಡು ಅಲ್ಲೇ ನಿಂತು ಅನ್ನದ ಜೊತೆ ತಿಂದರು. ಕಾರದ ಚಟ್ನಿಗೆ ಕಣ್ಣಲ್ಲಿ ನೀರು ಬಂತು. ನಮ್ಮ ಬದಿಯವರಿಗೇ ಕಾರ ತಡೆಯದ ಊರು ಅದು.

ಪ್ರಯೋಗಾಲಯ

ಪರೀಕ್ಷೆ ಮಾಡುವ ಇಂಜಿನಿಯರ್ ಮೂವತ್ತೈದರ ಹೆಂಗಸು. ಅವಳ ಉದ್ದನೆಯ ಹೆಸರು ನನ್ನ ನಾಲಗೆಗೆ ಹತ್ತಲಿಲ್ಲ. "ನೋಕ್ ಅನ್ನಿ, ಹಕ್ಕಿ ಅಂತ ಅರ್ಥ" ಎಂದಳು. ಅಲ್ಲಿ ಕಂಡವರಲ್ಲಿ ನಗದೆ ಮಾತಾಡಿದವಳು ಅವಳೊಬ್ಬಳೇ. ಅವಳದೂ ನನ್ನದೂ ಮುರುಕಲು ಇಂಗ್ಲಿಷು. ಮ್ಯಾನೇಜರ್ ಪಕ್ಕದಲ್ಲಿ ನಿಂತಿದ್ದ. ನಾಣಣ್ಣ ಮೂಲೆಯ ಸ್ಟೂಲಿನಲ್ಲಿ ಕೂತು ಎಲ್ಲರ ಮುಖ ನೋಡುತ್ತಿದ್ದರು.

ಮೊದಲು ಚಿನ್ನ ಅಳೆಯಿರಿ ಎಂದೆ. ನೋಕ್ ಬೋರ್ಡನ್ನು ಯಂತ್ರದೊಳಗೆ ಇಟ್ಟಳು. ಅದು ಎಕ್ಸ್‌ರೇ ಬಿಟ್ಟು ಲೇಪದ ದಪ್ಪ ಹೇಳುತ್ತದೆ. ಚಿನ್ನ ಕಡಿಮೆ ಇರಲಿಲ್ಲ. ಸಾಮಾನ್ಯವಾಗಿ ಹಾಕುವುದರ ಎರಡು ಪಟ್ಟಿತ್ತು.

ನಾನು ಯಂತ್ರವನ್ನು ನಂಬಲಿಲ್ಲ. ದಪ್ಪ ಮೊದಲೇ ಗೊತ್ತಿರುವ ತುಂಡಿಟ್ಟು ತೋರಿಸಿ ಎಂದೆ. ತೋರಿಸಿದಳು, ಸರಿಯಿತ್ತು. ಬೇರೆ ಯಂತ್ರ ಇದೆಯೇ ಎಂದೆ. ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿಯೂ ಅಷ್ಟೇ ಬಂತು. ನನ್ನ ಗೀರು, ನಾಣಣ್ಣನ ಕತ್ತರಿ ಗೆರೆ ಎರಡನ್ನೂ ಮತ್ತೆ ನೋಡಿದೆ. ನನ್ನದೇ ಬೋರ್ಡು.

ಆಮೇಲೆ ನೋಕ್ ಇನ್ನೊಂದು ಕೆಲಸ ಮಾಡಿದಳು. ಔಷಧದ ನೀರಿನಲ್ಲಿ ಅದ್ದಿ ಮೇಲಿನ ಚಿನ್ನ ಮಾತ್ರ ತೆಗೆದು, ಅಡಿಯ ನಿಕ್ಕಲನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಳು. ಪರದೆಯ ಮೇಲೆ ಮೂಡಿದ್ದು ಬಿರುಕೋ ಬಿರುಕು.

ನಾಣಣ್ಣ ಸ್ಟೂಲಿನಿಂದ ಎದ್ದು ಬಂದರು. "ಇದ್ ಎಂತ, ಬ್ಯಾಸ್ಗಿ ಗದ್ದಿಯಾ?"

ನಾನು ನೋಕ್‌ಗೆ ಅದನ್ನೇ ಹೇಳಿದೆ. ಅವಳು ತಲೆಯಾಡಿಸಿದಳು. ನಾವೂ ಇದನ್ನು ಒಣಗಿದ ಕೆಸರು ಎಂದೇ ಕರೆಯುತ್ತೇವೆ ಎಂದಳು. ನಿಧಾನವಾಗಿ, ಕೈಸನ್ನೆ ಮಾಡಿ ತಿಳಿಸಿದಳು. ಬೆಸುಗೆ ಕರಗಿದಾಗ ಚಿನ್ನ ಅದರಲ್ಲಿ ಕರಗಿಹೋಗುತ್ತದೆ. ಹಿಡಿದುಕೊಳ್ಳುವುದು ನಿಕ್ಕಲನ್ನು. ಚಿನ್ನ ಬರೀ ಅಲ್ಲಿಯವರೆಗಿನ ಹೊದಿಕೆ. ಈ ತೊಟ್ಟಿಯಲ್ಲಿ ಚಿನ್ನ ಬಂದು ಕೂರಬೇಕಾದರೆ ಅಷ್ಟು ನಿಕ್ಕಲ್ ಎದ್ದು ಹೋಗಬೇಕು. ಸ್ವಲ್ಪ ಹೊತ್ತಾದರೆ ಚಿಂತೆಯಿಲ್ಲ. ಚಿನ್ನ ಹೆಚ್ಚು ಬೇಕೆಂದು ಬಹಳ ಹೊತ್ತು ಬಿಟ್ಟರೆ, ಅದು ಅಡಿಯ ನಿಕ್ಕಲನ್ನು ತಿನ್ನುತ್ತದೆ. ಮೇಲೆ ಚಿನ್ನ ಹೊಳೆಯುತ್ತದೆ, ಅಡಿ ಹುಳುಕು ಹಲ್ಲು. ಬೆಸುಗೆ ಹಿಡಿದ ಹಾಗೆ ಕಾಣುತ್ತದೆ, ಅಲಾರಂ ಬಡಿಯುತ್ತದೆ. ಕೆಲವು ತಿಂಗಳು ಇಂಜಿನ್ ನಡುಗಿದ ಮೇಲೆ ಕಳಚಿಕೊಳ್ಳುತ್ತದೆ.

"ಹಾಗಾದರೆ ಬಹಳ ಹೊತ್ತು ಬಿಟ್ಟದ್ದು ಯಾಕೆ?" ಎಂದು ನಾನು ಸ್ವರ ಏರಿಸಿದೆ. ಕಳ್ಳ ಸಿಕ್ಕಿದ ಎಂಬ ಸಂತೋಷವೇ ನನಗೆ ಬಂದಿತ್ತು.

ನೋಕ್ ಮ್ಯಾನೇಜರನ ಮುಖ ನೋಡಿದಳು. ಅವನ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ. ಅವಳು ಕಂಪ್ಯೂಟರಿನಲ್ಲಿ ಒಂದು ಇಮೇಲ್ ತೆಗೆದಳು. ಅದು ನಾನೇ ಬರೆದದ್ದು.

ಮೊದಲ ಸಲದ ಬೋರ್ಡುಗಳಿಗೆ ಅವರು ತಮ್ಮ ಪದ್ಧತಿಯಂತೆ ಚಿನ್ನ ಹಾಕಿದ್ದರು. ಅವು ಇಂದಿಗೂ ಸಮುದ್ರದಲ್ಲಿ ಬಡಿಯುತ್ತಿವೆ. ಎರಡನೇ ಸಲದ ಬೋರ್ಡು ತರಿಸುವ ಮುಂಚೆ, ಹೊರಗಿನವರು ಚಿನ್ನದಲ್ಲಿ ಮೋಸ ಮಾಡುತ್ತಾರೆಂದು ಮುಂಬಯಿಯ ಪರಿಚಯದವರೊಬ್ಬರು ನನ್ನ ಕಿವಿಗೆ ಹಾಕಿದ್ದರು. ನಾನು, ಎರಡು ಪಟ್ಟು ಚಿನ್ನ ಹಾಕಬೇಕು, ಪರೀಕ್ಷೆ ಮಾಡಿಸುತ್ತೇನೆ, ಕಡಿಮೆಯಿದ್ದರೆ ಎಲ್ಲವೂ ವಾಪಸು ಎಂದು ಬರೆದಿದ್ದೆ. ಈ ತೊಟ್ಟಿಯಲ್ಲಿ ಅಷ್ಟು ದಪ್ಪ ಒಳ್ಳೆಯದಲ್ಲ ಎಂದು ಅವರು ಉತ್ತರಿಸಿದ್ದರು. ಅದರ ಕೆಳಗೆ ನನ್ನ ಮರುತ್ತರ: ನೆಪ ಹೇಳಬೇಡಿ.

ಪರದೆಯ ಮೇಲೆ ಆ ಎರಡು ಪದಗಳನ್ನು ಓದುವಾಗ ನನ್ನ ಕಿವಿ ಬಿಸಿಯಾಯಿತು.

ಮ್ಯಾನೇಜರ್ ಮೆಲ್ಲಗೆ ಹೇಳಿದ. "ಆಗಲ್ಲ ಅಂತ ನಾವು ಗಟ್ಟಿಯಾಗಿ ಹೇಳಬೇಕಿತ್ತು. ನೀವು ಬೇರೆಯವರ ಹತ್ತಿರ ಹೋಗ್ತೀರಿ ಅಂತ ಹೆದರಿದೆವು. ಅದು ನಮ್ಮ ತಪ್ಪು."

ಅವನು ಅಷ್ಟು ಬೇಗ ತಪ್ಪು ಒಪ್ಪಿಕೊಂಡದ್ದರಲ್ಲಿಯೂ ಏನಾದರೂ ಮಸಲತ್ತಿದೆಯೇ ಎಂದು ಒಂದು ಗಳಿಗೆ ಹುಡುಕಿದೆ. ಸಿಗಲಿಲ್ಲ.

"ಎಂತ ಅಂಬ್ರ್ ಅವ್ರ್?" ನಾಣಣ್ಣ ಕೇಳಿದರು.

ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆ ಕೋಣೆಯಲ್ಲಿ ನಾನು ಹೇಳಿದ್ದೇ ಅವರಿಗೆ ಸತ್ಯ.

"ತಪ್ಪ್ ಅವ್ರದ್ದೇ ಅಂಬ್ರ್" ಎಂದೆ.

ನದಿಯ ದಂಡೆ

ಹೋಟೆಲಿಗೆ ಮರಳಲು ನದಿ ದಾಟಬೇಕು. ಸಂಜೆಯ ದೋಣಿಗೆ ಕಾದು ಕಟ್ಟೆಯ ಮೇಲೆ ಕೂತೆವು. ಬೈಂದೂರಿನ ಬದಿಯ ಹೊಳೆಗಳು ಕಡಲಿಗೆ ಓಡುತ್ತವೆ. ಇದು ಹರಿಯುತ್ತಿದೆಯೋ ಇಲ್ಲವೋ ಎನ್ನುವಷ್ಟು ನಿಧಾನ. ನಾಣಣ್ಣ ಮ್ಯಾನೇಜರ್ ಕೊಟ್ಟ ಸಿಹಿಯ ಪೊಟ್ಟಣ ಬಿಚ್ಚಿ ನನ್ನ ಕಡೆ ಹಿಡಿದರು. ತೆಂಗಿನಕಾಯಿ ಹಾಲಿನದ್ದು, ನಮ್ಮ ಹಾಲುಬಾಯಿಯ ತಂಗಿಯ ಹಾಗಿತ್ತು. ಒಂದು ತುಂಡು ಕಚ್ಚಿ ಉಳಿದದ್ದನ್ನು ಕೈಯಲ್ಲೇ ಇಟ್ಟುಕೊಂಡೆ.

"ಶಾರ್ದಕ್ಕ, ಒಂದ್ ಕೇಣ್ತೆ. ತಪ್ಪ್ ಅವ್ರದ್ದಾರೆ, ನಿಮ್ ಮೋರೆ ಎಂತಕೆ ಹೀಂಗ್ ಆಯ್ತ್?"

ನಾನು ಹೇಳಿದೆ. ಇಮೇಲಿನ ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದೆ. ನೆಪ ಹೇಳಬೇಡಿ ಎಂದದ್ದನ್ನೂ ಬಿಡಲಿಲ್ಲ. ಮಂಜನ ಕಾಲು ಮುರಿಯಲು ನಾನು ಹಠ ಹಿಡಿದು ಹಾಕಿಸಿಕೊಂಡ ಚಿನ್ನವೇ ಕಾರಣ ಎಂದೆ.

ಅವರು ಸಿಹಿಯ ಪೊಟ್ಟಣ ಮಡಚಿ ಪಕ್ಕಕ್ಕಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಸಲೀಸಾಗುತ್ತಿತ್ತು.

"ಆ ಸಲದ್ ಅಲಾರಂ ಎಷ್ಟ್ ಬೋಟಿಗ್ ಹಾಕಿದ್ರಿ?"

"ಅರ್ವತ್ತೆರ್ಡ್. ನಿಮ್ದ್, ತರ್ಸದ್ದ್ ಎರ್ಡ್ ಬಿಟ್ರೆ ಐವತ್ತೊಂಬತ್ತ್."

"ಅವ್ರಿಗೆ ಹೇಳಿರ್ಯಾ?"

ಹೇಳಿರಲಿಲ್ಲ. ಖಚಿತವಾಗದೆ ಯಾರನ್ನೂ ಹೆದರಿಸಬಾರದು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡಿದ್ದೆ. ನಿಜವೇನೆಂದರೆ, ಕಳ್ಳನನ್ನು ಹಿಡಿದು ತೋರಿಸಿದ ಮೇಲೆ ಹೇಳಿದರೆ ನನ್ನ ಹೆಸರು ಉಳಿಯುತ್ತದೆ ಎಂಬ ಆಸೆ.

"ಅವ್ರೆಲ್ಲ ಈಗ ಕಡ್ಲಗ್ ಇದ್ರ್, ಅಕ್ಕ" ಎಂದರು ನಾಣಣ್ಣ. ಸ್ವರ ಏರಿಸಲಿಲ್ಲ. "ಬಡ್ಕಂತಿಲ್ಲೆ ಅಂದ್ ಗೊತ್ತಿದ್ರೆ ಇಳ್ದ್ ಕಾಣ್ತ್ರ್. ಬಡ್ಕಂತ್ ಅಂದ್ ನಂಬಿ ಒರ್ಗಿದ್ರೆ?"

ದೋಣಿ ಬಂತು. ನಾವು ಹತ್ತಲಿಲ್ಲ. ಕಟ್ಟೆಯ ಮೇಲಿಂದಲೇ ಲಲಿತಾಳಿಗೆ ಫೋನು ಮಾಡಿದೆ. ನಮ್ಮೂರಿನಲ್ಲಿ ಆಗಿನ್ನೂ ಚಾ ಹೊತ್ತು. ಒಂದೊಂದು ಬೋಟಿನವರಿಗೂ ಫೋನು ಮಾಡು, ಸಿಗದವರಿಗೆ ಬಂದರಿನ ವೈರ್‌ಲೆಸ್ಸಿನಲ್ಲಿ ಹೇಳಿಸು ಎಂದೆ. ಅಲಾರಂ ನಂಬಬೇಡಿ, ಗಂಟೆಗೊಮ್ಮೆ ಇಳಿದು ನೋಡಿ, ದಡಕ್ಕೆ ಬಂದ ಕೂಡಲೇ ಬಿಚ್ಚಿಕೊಡಿ.

"ಎಂತ ಆಯ್ತ್ ಅಂದ್ ಕೇಣ್ರೆ ಎಂತ ಹೇಳುದ್ ಶಾರ್ದಕ್ಕ?" ಎಂದಳು ಲಲಿತಾ.

ನಾಣಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು.

"ಶಾರ್ದಕ್ಕ ತಪ್ಪ್ ಮಾಡಿದ್ರ್ ಅಂದ್ ಹೇಳ್" ಎಂದೆ.

ಮರುದಿನ ನೋಕ್ ನನಗೆ ಚಿನ್ನದ ತೊಟ್ಟಿ ತೋರಿಸಿದಳು. ನಾವು ದನಕ್ಕೆ ನೀರಿಡುವ ಬಾನಿಗಿಂತ ಸ್ವಲ್ಪ ದೊಡ್ಡದು, ನೀರಿಗೆ ಬಣ್ಣವೂ ಇಲ್ಲ. ಹೊಸ ಬೋರ್ಡುಗಳಿಗೆ ಅವರ ಪದ್ಧತಿಯಷ್ಟೇ ಚಿನ್ನ ಎಂದು ಸಹಿ ಹಾಕಿದೆ. ಪ್ರತಿ ಸಲವೂ ಒಂದು ಬೋರ್ಡಿನ ನಿಕ್ಕಲ್ ಚಿತ್ರ ಕಳಿಸಬೇಕು, ನಾನೂ ಒಂದರ ಕಾಲು ಕಿತ್ತು ನೋಡುತ್ತೇನೆ ಎಂದೆ. ಅದಕ್ಕೆ ನೋಕ್ ನಕ್ಕಳು. ಆ ನಗುವಿನಲ್ಲಿ ನಾನು ಏನನ್ನೂ ಹುಡುಕಲಿಲ್ಲ.

ಗಂಗೊಳ್ಳಿ

ಊರಿಗೆ ಬಂದವಳು ಮೊದಲು ಹೋದದ್ದು ಮಂಜನ ಮನೆಗೆ. ಪ್ಲಾಸ್ಟರ್ ಹಾಕಿದ ಕಾಲನ್ನು ಬೆಂಚಿನ ಮೇಲಿಟ್ಟು ಬಲೆ ಹೆಣೆಯುತ್ತಿದ್ದ. ಎಲ್ಲವನ್ನೂ ಕೇಳಿದ. "ನೀವ್ ಬಂದ್ ಹೇಳ್ರಿ, ಅಡ್ಡಿಲ್ಲೆ" ಎಂದ. ಆದರೆ ಅವನ ಹೆಂಡತಿ ನನ್ನ ಜೊತೆ ಮಾತಾಡಲಿಲ್ಲ, ಕುಡಿಯಲು ನೀರೂ ಕೊಡಲಿಲ್ಲ. ನಮ್ಮ ಬದಿಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅವಳದು ಸರಿಯೇ.

ಎರಡು ವಾರ ಬಂದರಿನಿಂದ ಬಂದರಿಗೆ ತಿರುಗಿ ಅಲಾರಂ ಬಿಚ್ಚಿದೆವು. ಕೆಲವರು ಡಬ್ಬಿಯನ್ನು ಕೈಗೆ ಕೊಟ್ಟರು, ಕೆಲವರು ಕಾಲ ಬುಡಕ್ಕೆ ಎಸೆದರು. ಹನ್ನೊಂದು ಜನ ಹೊಸತು ಬೇಡ ಎಂದರು. ಬಿಚ್ಚಿದವುಗಳಲ್ಲಿ ನಾಲ್ಕು ಆಗಲೇ ಸತ್ತಿದ್ದವು. ಅವುಗಳ ಹಸಿರು ದೀಪ ಮಾತ್ರ ಉರಿಯುತ್ತಿತ್ತು.

ಹೊಸ ಬೋರ್ಡು ಬಂದ ಮೇಲೆ ಮೊದಲ ಅಲಾರಂ ಕೂರಿಸಿದ್ದು ನಾಣಣ್ಣನ ಬೋಟಿಗೆ. ಕೊನೆಯ ಸ್ಕ್ರೂ ಬಿಗಿದು ಮೇಲೆ ಬಂದೆ. ನಾಣಣ್ಣ ಬಕೆಟ್ಟಿಗೆ ಹಗ್ಗ ಕಟ್ಟಿ ಕಡಲ ನೀರೆತ್ತಿ, ಇಂಜಿನ್ ಕೋಣೆಯ ತಳಕ್ಕೆ ಹೊಯ್ದರು. ಒಂದು, ಎರಡು, ಮೂರು ಬಕೆಟ್. ಸೈರನ್ ಕಿರುಚಿದ್ದಕ್ಕೆ, ಬೋಟು ಕಟ್ಟುವ ಧಕ್ಕೆಯ ಕಾಗೆಗಳೆಲ್ಲ ಎದ್ದವು. ಅವರು ನಿಲ್ಲಿಸಲಿಲ್ಲ. ಕೈಕಟ್ಟಿ ನಿಂತು ಅದು ಬಡಿದುಕೊಳ್ಳುವುದನ್ನು ಪೂರ್ತಿ ಕೇಳಿದರು. ಆಮೇಲೆ ಪಂಪು ಹಾಕಿ ನೀರು ಹೊರಗೆ ಹಾಕಿದರು.

ಈಗಲೂ ಪ್ರತಿ ಸಲ ಕಡಲಿಗೆ ಹೊರಡುವ ಮುಂಚೆ ಅವರು ಹಾಗೆಯೇ ನೀರು ಹೊಯ್ಯುತ್ತಾರಂತೆ. ಕಳೆದ ವಾರ ಬಂದರಿನಲ್ಲಿ ಸಿಕ್ಕಿದಾಗ ಕೇಳಿಯೇಬಿಟ್ಟೆ.

"ನಾಣಣ್ಣ, ನನ್ ಮೇಲೆ ಇನ್ನೂ ನಂಬ್ಕಿ ಬರ್ಲಿಲ್ಯಾ?"

"ಬಂದಿತ್, ಬರ್ದೆ ಎಂತ" ಎಂದರು ಅವರು, ಬಕೆಟ್ಟನ್ನು ಕಡಲಿಗೆ ಇಳಿಸುತ್ತಾ. "ಹ್ವಾಯ್, ಸ್ವಲ್ಪ ಬದಿಗ್ ನಿಲ್ಲಿ. ನೀರ್ ಹಾರಿ ಸೀರಿ ಚಂಡಿ ಆತ್ತ್."